ಲ್ಯೂಟ್ ಹಸ್ತಪ್ರತಿ ಗಿಟಾರಲ್ಲಿ ಓದೋದು ಹೇಗೆ, ರೆಕಾರ್ಡಿಂಗ್‌ಗಳು ಯಾಕೆ ಬೇರೆ ಬೇರೆ
ಸರ್, ಕೇಂಬ್ರಿಡ್ಜ್ ಲೈಬ್ರರಿಯ ಲ್ಯೂಟ್ (ಯುರೋಪಿನ ಹಳೇ ತಂತಿವಾದ್ಯ) ಹಸ್ತಪ್ರತಿ ಸ್ಕ್ಯಾನ್ ತೆಗೆದ್ರೆ ಬರೀ ಎ ಬಿ ಸಿ ಕಾಣುತ್ತೆ, ಆ ಕಾಲದ ಇಂಗ್ಲಿಷ್ ಲ್ಯೂಟ್ ವಾದಕ ಡೌಲ್ಯಾಂಡ್‌ನ ಲಾಕ್ರಿಮೆ ಅನ್ನೋ ಕೃತಿ ಎರಡು ರೆಕಾರ್ಡಿಂಗಲ್ಲಿ ಎರಡು ಥರ ಇದೆ, ಯಾವುದು ಸರಿ ಅಂತ ಕೇಳಿದ್ರಿ.

ಆ ಅಕ್ಷರಗಳು ಸ್ವರ ಅಲ್ಲ, ಬೆರಳಿಡೋ ಜಾಗ. ವೀಣೆ ಗೊತ್ತಿರೋರಿಗೆ ಬೇಗ ಹತ್ತುತ್ತೆ, ಎಷ್ಟನೇ ತಂತಿ, ಎಷ್ಟನೇ ಮೆಟ್ಟಿಲು, ಅಷ್ಟೇ. 6 ಗೆರೆಯಲ್ಲಿ ಮೇಲಿನದು ತಾರದ ತಂತಿ, ಎ ಅಂದ್ರೆ ಬಿಟ್ಟ ತಂತಿ, ಬಿ ಅಂದ್ರೆ ಮೊದಲನೇ ಮೆಟ್ಟಿಲು, ಅಂದ್ರೆ ಫ್ರೆಟ್. ಸಿ ಮಾತ್ರ ನೋಡ್ಕೊಂಡು ಓದಿ, ಇ ಜೊತೆ ಕಲೆಸಬಾರ್ದು ಅಂತ ಅದನ್ನ ಆರ್ ಥರ ಗೀಚಿರ್ತಾರೆ. ಅಕ್ಷರದ ಕೆಳಗೆ ಒಂಟಿ ಚುಕ್ಕಿ ಇದ್ರೆ ತೋರುಬೆರಳಲ್ಲಿ ಮೀಟಬೇಕು. ಗಿಟಾರಿನ ಮೂರನೇ ತಂತಿನ ಅರ್ಧ ಸ್ವರ ಇಳಿಸಿ ಎಫ್ ಶಾರ್ಪ್‌ಗೆ ತನ್ನಿ, ಮೂರನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿನೂ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಇನ್ನು ಕ್ಯಾಪೊನೇ ನಿಮ್ಮ ಎ. ಗೆರೆಗಳ ಕೆಳಗೂ ಅಕ್ಷರ ಇದ್ರೆ ಅದು 7ನೇ ಜೋಡಿ ತಂತಿ, ಗಿಟಾರಲ್ಲಿ ಇಲ್ಲ, ಒಂದು ಸ್ಥಾಯಿ ಮೇಲೆ ನುಡಿಸಿ ಪರವಾಗಿಲ್ಲ.

ಈಗ ರೆಕಾರ್ಡಿಂಗ್ ವಿಷಯ. ಗೆರೆ ಮೇಲಿರೋ ಬಾವುಟದ ಗುರುತು ಮುಂದಿನ ಮೀಟು ಯಾವಾಗ ಅಂತ ಮಾತ್ರ ಹೇಳುತ್ತೆ, ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳಲ್ಲ, ಅದನ್ನ ನುಡಿಸೋರೇ ತೀರ್ಮಾನ ಮಾಡ್ಬೇಕು. ಅದರ ಮೇಲೆ ಒಂದೇ ಕೃತಿ ಹತ್ತಾರು ಕೈಬರಹಗಳಲ್ಲಿ ಹತ್ತಾರು ರೂಪದಲ್ಲಿದೆ. ನೀವು ನೋಡಿದ ಕೇಂಬ್ರಿಡ್ಜ್ ಪುಸ್ತಕಗಳು ಡೌಲ್ಯಾಂಡ್ ಬರೆದಿದ್ದಲ್ಲ, ಮ್ಯಾಥ್ಯೂ ಹೋಮ್ಸ್ ಅನ್ನೋರು ನಕಲು ಮಾಡಿದ್ದು, ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚಲ್ಲಿ ಆಮೇಲೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹಾಡ್ತಿದ್ರು, 1621ರಲ್ಲಿ ತೀರ್ಕೊಂಡ್ರು. ನನ್ನ ಕೃತಿಗಳನ್ನ ನನಗೆ ತಿಳಿಸದೆ ತಪ್ಪುತಪ್ಪಾಗಿ ಅಚ್ಚು ಹಾಕ್ತಿದಾರೆ ಅಂತ ಡೌಲ್ಯಾಂಡೇ 1597ರ ತನ್ನ ಹಾಡಿನ ಪುಸ್ತಕದಲ್ಲಿ ದೂರಿದ್ದಾನೆ. ಹಾಗಾಗಿ ಸರಿ ಪಾಠ ಒಂದೇ ಅಂತ ಹುಡುಕ್ಬೇಡಿ. ಪಾಲ್ ಒಡೆಟ್, ಯಾಕೋಬ್ ಲಿಂಡ್‌ಬರ್ಗ್ ಇಬ್ಬರೂ ಡೌಲ್ಯಾಂಡ್‌ನ ಲ್ಯೂಟ್ ಕೃತಿಗಳನ್ನ ಪೂರ್ತಿ ರೆಕಾರ್ಡ್ ಮಾಡಿದಾರೆ, ಪುಟ ಮುಂದಿಟ್ಕೊಂಡು ಎರಡನ್ನೂ ಕೇಳಿ, ಕಿವಿ ತಾನಾಗೇ ತೆರೆಯುತ್ತೆ. ಲಿಂಡ್‌ಬರ್ಗ್ ರೌವೋಲ್ಫ್ ಅನ್ನೋರು ಸುಮಾರು 1590ರಲ್ಲಿ ಮಾಡಿದ ಲ್ಯೂಟಲ್ಲಿ ನುಡಿಸಿದ್ದೂ ಇದೆ, ಆ ನಾದ ನನಗೆ ತುಂಬಾ ಇಷ್ಟ.

ಕೈ ಕೂತ ಮೇಲೆ ಶಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿರೋ, ಇಟಲಿಯ ಲ್ಯೂಟ್ ವಾದಕ ಕಾಪಿರೋಲಾನ ಪುಸ್ತಕ ನೋಡಲೇಬೇಕು, ಸುಮಾರು 1517ರದ್ದು. ಅದನ್ನ ಬರೆದ ಅವನ ಶಿಷ್ಯ ವಿದಾಲ್ ಅಂಚಿನ ತುಂಬ ಪ್ರಾಣಿ, ಹಕ್ಕಿ, ಗಿಡ ಬಿಡಿಸಿದ್ದಾನೆ. ಸಂಗೀತ ತಿಳಿಯದವರ ಕೈಗೆ ಸಿಕ್ಕಿದ್ರೂ ಚಿತ್ರದ ಆಸೆಗಾದ್ರೂ ಜೋಪಾನ ಮಾಡ್ತಾರೆ ಅಂತ ಅವನೇ ಬರೆದಿಟ್ಟಿದ್ದಾನೆ, ಹಾಗೇ ಉಳಿದೂ ಇದೆ. ಅದು ಇಟಾಲಿಯನ್ ಪದ್ಧತಿ, ಅಕ್ಷರದ ಬದಲು ಅಂಕಿ, ಗೆರೆಗಳೂ ತಲೆಕೆಳಗು, ತಾರದ ತಂತಿ ಎಲ್ಲಕ್ಕಿಂತ ಕೆಳಗಿನ ಗೆರೆ.