ತರಕಾರಿಯಲ್ಲಿರುವ ಅಂಶಗಳು ಕ್ಯಾನ್ಸರ್ ತಡೆಯುತ್ತವೆಯೇ?

ಅಪಾಯವನ್ನು ಸ್ವಲ್ಪ ತಗ್ಗಿಸಬಹುದು. ಆದರೆ ಆ ಮಾತು ಊಟದಲ್ಲಿರುವ ತರಕಾರಿಗೆ, ಅದರ ಸಾರ ತುಂಬಿದ ಮಾತ್ರೆಗಲ್ಲ.

ಬ್ರೊಕೊಲಿಯನ್ನೇ ನೋಡಿ. ಹೆಚ್ಚಿದಾಗ ಅಥವಾ ಅಗಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರು ಮಾಡಿ, ಸಲ್ಫೊರಾಫೇನ್ ಎಂಬ ವಸ್ತು ಹುಟ್ಟುತ್ತದೆ. ವಿಷವಸ್ತುಗಳನ್ನು ಹೊರಹಾಕಲು ನೆರವಾಗುವ ಕಿಣ್ವಗಳು ನಮ್ಮ ಜೀವಕೋಶಗಳಲ್ಲಿ ಹೆಚ್ಚುವಂತೆ ಇದು ಮಾಡುತ್ತದೆ. ತುಂಬಾ ಬೇಯಿಸಿದರೆ ತರಕಾರಿಯ ಆ ಕಿಣ್ವವೇ ಹಾಳು. ಟೊಮೆಟೊದ ಕಥೆ ಉಲ್ಟಾ! ಎಣ್ಣೆ ಹಾಕಿ ಬೇಯಿಸಿದರೇನೇ ಅದಕ್ಕೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಎಂಬ ವಸ್ತು ಮೈಗೆ ಚೆನ್ನಾಗಿ ಹತ್ತುವುದು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ನಿಜ. ಆದರೆ ತಿಂದಾಗ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಹಾಗಾದರೆ ಮಾತ್ರೆ ನುಂಗಿದರಾಯ್ತು, ಅಲ್ವಾ? ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಸುಮಾರು 29,000 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಈ ಫಲಿತಾಂಶ ಬಂದದ್ದು 1994ರಲ್ಲಿ. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು.

ನನ್ನ ಪ್ರಕಾರ ಹೆಚ್ಚು ಭರವಸೆ ಇಡಬಹುದಾದದ್ದು, ಯಾರೂ ಜಾಹೀರಾತು ಕೊಡದ ನಾರಿನಂಶದ ಮೇಲೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಬ್ಯುಟಿರೇಟ್ ಎಂಬ ವಸ್ತುವಾಗಿ ಬದಲಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು, ಇಡಿ ಧಾನ್ಯ ಜಾಸ್ತಿ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ.

ಈಗಾಗಲೇ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಸುಮ್ನೆ ಸಪ್ಲಿಮೆಂಟ್ ಶುರು ಮಾಡಬೇಡಿ. ಅವುಗಳಲ್ಲಿ ಕೆಲವು, ಔಷಧಿಯ ಕೆಲಸಕ್ಕೇ ಅಡ್ಡ ಬರುತ್ತವೆ. ಮೊದಲು ವೈದ್ಯರನ್ನು ಕೇಳಿ.