ಬಿಟ್ಟ ಗುಳಿಗೆಯ ವಿಷಯ ಡಾಕ್ಟರಿಗೆ ಗೊತ್ತಾ?

ಗಂಗಾವತಿಯಿಂದ ಬಂದ ಈ ಕಾಗದ ಓದಿದ ಮೇಲೆ ಎರಡು ದಿನ ಬೇರೆ ಕಾಗದ ಕೈಗೆತ್ತಿಕೊಳ್ಳಲು ಆಗಲಿಲ್ಲ. ಬರೆದವಳ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೆ ಇಳಿದಿದೆ. ಗುಣ ಆಗಲ್ಲ, ನೋವಾದರೂ ಕಡಿಮೆ ಮಾಡೋಣ ಅಂತ ಬಳ್ಳಾರಿಯ ಡಾಕ್ಟರು ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ ಬರೆದಿದ್ದಾರೆ. ರಾತ್ರಿಯೆಲ್ಲ ಮಂಚದ ಪಟ್ಟಿ ಹಿಡಿದು ಕೂತಿರುವ ಅಪ್ಪ, ಡಾಕ್ಟರ ಮುಂದೆ ಹೋದ ಕೂಡಲೇ "ಆರಾಮ ಅದೀನ್ರೀ ಸರ" ಅನ್ನುತ್ತಾರೆ. ಏನೂ ಹೇಳಬೇಡ ಅಂತ ಮಗಳಿಂದ ಮಾತು ತಗೊಂಡಿದ್ದಾರೆ. ಮಾತು ಮುರಿಯಲಾ ಅಂತ ಅವಳ ಪ್ರಶ್ನೆ.

ತಂಗಿ, ಅದು ಆಮೇಲೆ. ನಿನ್ನ ಸಹಿಯ ಮೇಲೆ ಒಂದು ಸಾಲು ಬರೆದಿದ್ದೀಯಲ್ಲ, "ಮೂರು ನಾಲ್ಕು ದಿನ ಹೊರಕಡೆಗೆ ಆಗದಿದ್ರೆ ರಾತ್ರಿ ಗುಳಿಗೆ ಬಿಟ್ಟುಬಿಡ್ತಾರೆ", ಅದನ್ನು ಮೊದಲ ಸಾಲಲ್ಲೇ ಬರೆಯಬೇಕಿತ್ತು. ಅಪ್ಪ ಮಂಚದ ಪಟ್ಟಿ ಹಿಡಿಯುವುದು ಅದಕ್ಕೇ ಇರಬಹುದು, ಅಲ್ವಾ?

ಮಾರ್ಫಿನ್ ತಗೊಳ್ಳುವ ಹೆಚ್ಚಿನವರಿಗೆ ಹೊಟ್ಟೆ ಕಟ್ಟುತ್ತದೆ. ಮೊದಲ ದಿನಗಳ ಮಂಪರು, ವಾಕರಿಕೆ ಸಾಮಾನ್ಯವಾಗಿ ತಾನಾಗಿ ಕಡಿಮೆ ಆಗುತ್ತದೆ, ಇದು ಮಾತ್ರ ಆಗಲ್ಲ. ಅದಕ್ಕೇ ಜೊತೆಗೆ ಹೊಟ್ಟೆ ಸಡಿಲ ಮಾಡುವ ಔಷಧಿ ಕೊಡುತ್ತಾರೆ, ಸಾಲದಿದ್ದರೆ ಬದಲಾಯಿಸುತ್ತಾರೆ. ಇಷ್ಟು ಸಣ್ಣ ಕೆಲಸ. ಆದರೆ ಡಾಕ್ಟರಿಗೆ ಗೊತ್ತಾಗಬೇಕಲ್ಲ? ನೋವು ಬಂದ ಮೇಲೆ ಅಲ್ಲ, ಗಡಿಯಾರ ನೋಡಿ ಔಷಧಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಒಂದು ಗುಳಿಗೆಯ ಕೆಲಸ ಸುಮಾರು ನಾಲ್ಕು ತಾಸು. ರಾತ್ರಿಯದು ಬಿಟ್ಟರೆ ಬೆಳಗಿನ ತನಕ ಆ ಮೂಳೆನೋವಿಗೆ ತಡೆ ಏನೂ ಇಲ್ಲ.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಎಪ್ಪತ್ತು ವರ್ಷದ ರೈತ, ಮಗಳು ಪಕ್ಕದಲ್ಲಿ ನಿಂತಿರುವಾಗ ಸಂಡಾಸದ ಮಾತು ಹೇಗೆ ಎತ್ತುತ್ತಾರೆ? ಸಿಟ್ಟು ಇರುವುದು ನಿನ್ನ ಅಣ್ಣನ ಮೇಲೆ. ಡಾಕ್ಟರು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಾನೆ, ಮನೆಗೆ ಬಂದು "ಅಫೀಮು ಅದು, ಚಟ ಹತ್ತತೈತಿ" ಅಂತ ಹೆದರಿಸುತ್ತಾನೆ. ಅಫೀಮಿನಿಂದಲೇ ಬಂದದ್ದು ನಿಜ. ಆದರೆ ಡಾಕ್ಟರು ಹೇಳಿದ ಅಳತೆಯಲ್ಲಿ ಕ್ಯಾನ್ಸರ್ ನೋವಿಗೆ ತಗೊಳ್ಳುವವರಿಗೆ ಚಟ ಹತ್ತುವುದು ಅಪರೂಪ. ಈ ಸ್ಥಿತಿಯಲ್ಲಿರುವ ತಂದೆಗೆ ಆ ಭಯ ಹಾಕುವುದು ತಪ್ಪು, ಇದನ್ನು ಅವನಿಗೆ ಓದಿ ಹೇಳು.

ನಾನು ಪದೇ ಪದೇ ಬರೆಯುವ ಮಾತು ಇನ್ನೊಂದು ಸಲ: ನೋವಿನ ಲೆಕ್ಕ ರೋಗಿಯ ಬಾಯಿಂದಲೇ ಬರಬೇಕು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರೆ ಅಪ್ಪ ನಕ್ಕು ಸುಮ್ಮನಾಗುತ್ತಾರೆ ಅಂದೆಯಲ್ಲ, ರೂಪಾಯಿಗೆ ಹದಿನಾರಾಣೆಯ ಹಳೆ ಲೆಕ್ಕದಲ್ಲಿ ಕೇಳು. ನಮ್ಮ ಅತ್ತೆ ಕೊನೆಯ ದಿನಗಳಲ್ಲಿ ಡಾಕ್ಟರು "ಹೇಗಿದೀರಿ" ಅಂದರೆ ಬಾಯಿ ಬಿಡುತ್ತಿರಲಿಲ್ಲ, "ಎಷ್ಟಾಣೆ ಕಡಿಮಿ ಆಗೇತಿ ಅವ್ವಾ" ಅಂತ ನಾನು ಕೇಳಿದರೆ ಕಣ್ಣು ಮುಚ್ಚಿ ಯೋಚನೆ ಮಾಡಿ, "ನಾಕಾಣೆ, ಅಷ್ಟ" ಅನ್ನುತ್ತಿದ್ದರು. ಆ ನಾಲ್ಕಾಣೆ ಕೇಳಿಯೇ ಡಾಕ್ಟರು ಅಳತೆ ಬದಲಾಯಿಸಿದ್ದು.

ಇನ್ನು ನೀನು ಕೊಟ್ಟ ಮಾತು. ಕದ್ದು ಹೇಳಬೇಡ. "ಅಪ್ಪಾ, ಹೊಟ್ಟೆ ಕಟ್ಟಿದ್ದು, ಗುಳಿಗೆ ಬಿಟ್ಟಿದ್ದು, ಎರಡನ್ನೂ ಡಾಕ್ಟರಿಗೆ ಹೇಳ್ತೀನಿ" ಅಂತ ಅವರಿಗೇ ಹೇಳು, ಬೈದರೆ ಬೈಸಿಕೋ. ಆಮೇಲೆ ಇವತ್ತೇ ಚೀಟಿಯ ಮೇಲಿನ ನಂಬರಿಗೆ ಫೋನ್ ಮಾಡು. ಮುಂದಿನ ತಾರೀಖಿನ ತನಕ ಕಾಯಬೇಡ, ನೀನಾಗಿ ಅಂಗಡಿಯಿಂದ ಭೇದಿ ಔಷಧಿ ತಂದು ಕೊಡಲೂಬೇಡ. ಹೊಟ್ಟೆ ಉಬ್ಬಿ ವಾಂತಿ ಶುರುವಾದರೆ, ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ನಿಂತರೆ ಫೋನಿಗೂ ಕಾಯದೆ ದವಾಖಾನೆಗೆ ಹೊರಡಿ. ಕ್ಯಾನ್ಸರ್ ಬೆನ್ನುಮೂಳೆಯಲ್ಲಿದ್ದಾಗ ಕಾಲು ಸೋಲುವುದು ತಡಮಾಡುವ ಮಾತಲ್ಲ.

ಮುಂದಿನ ಸಲ ಬಳ್ಳಾರಿಗೆ ಅಣ್ಣನೂ ಬರಲಿ, ಹೊರಗೆ ಬೆಂಚಿನ ಮೇಲೆ ಕೂರಲಿ. ನೀನೂ ಫೋನಲ್ಲಿ ಹೇಳಿದ್ದನ್ನು ನೆನಪಿಸಿ ಹೊರಗೆ ಬಾ. ಒಳಗೆ ಅಪ್ಪ, ಡಾಕ್ಟರು ಇಬ್ಬರೇ ಇರಲಿ.