ಕರಾವಳಿಯಲ್ಲಿ ಮನೆ ಮಾಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಗಳೂರು, ಉಡುಪಿ, ಕಾರವಾರದ ಕಡೆ ಹೋಗಿ ನೆಲೆಸಬೇಕೆಂದಿರುವ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ.

ನಾವಿಬ್ಬರೂ ನಿವೃತ್ತ ಶಿಕ್ಷಕರು. ಮಗಳು ಮಂಗಳೂರಾಗ ಇದ್ದಾಳ. ಇಲ್ಲಿ ಬಿಸಲು ತಡ್ಕೊಳ್ಳಾಕ ಆಗವಲ್ದು, ಅಲ್ಲೇ ಒಂದ್ ಫ್ಲ್ಯಾಟ್ ತಗೋಬೇಕಂತ ಮಾಡೀವಿ. ಡಿಸೆಂಬರ್‌ದಾಗ ಮೂರ್ನಾಕು ನೋಡಿ ಬಂದೀವಿ, ಎಲ್ಲಾ ಛಲೋನೇ ಕಾಣಸ್ತಾವ. ಹ್ಯಾಂಗ ಆರಸ್ಬೇಕ್ರಿ?
– ದಂಪತಿ, ಆಳಂದ

ಡಿಸೆಂಬರ್‌ನಲ್ಲಿ ಕರಾವಳಿಯ ಯಾವ ಮನೆಯ ಕುಂದೂ ಕಣ್ಣಿಗೆ ಬೀಳುವುದಿಲ್ಲ. ಮುಂಗಡ ಕೊಟ್ಟಿಲ್ಲವಾದರೆ ಈಗಲೇ ಕೊಡಬೇಡಿ. ಇನ್ನೆರಡು ಸಲ ಹೋಗಿ ಬನ್ನಿ: ಜುಲೈ ನಡುವೆ ಒಮ್ಮೆ, ಮೇ ಮೂರನೇ ವಾರದಲ್ಲಿ ಒಮ್ಮೆ. ಕಲಬುರಗಿ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವ ಮಳೆ 700–800 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಷ್ಟು ಮಳೆಯ ಊರಿನಲ್ಲೇ ಮೇ ಬಂದರೆ ನೀರು ಪಾಳಿಯ ಮೇಲೆ ಬಿಡುವ ಪರಿಸ್ಥಿತಿಯೂ ಬರುತ್ತದೆ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ಮುಂಗಾರು ತಡವಾದರೆ ಅಲ್ಲಿಯ ಮಟ್ಟ ಇಳಿಯುತ್ತದೆ. 2016, 2019, 2023ರ ಬೇಸಿಗೆಗಳಲ್ಲಿ ಹಾಗೆಯೇ ಆಯಿತು. ಉಡುಪಿ, ಮಣಿಪಾಲಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಆಧಾರ, ಅಲ್ಲಿಯ ಪಾಡೂ ಇದೇ. ನಾಲ್ಕು ತಿಂಗಳು ಅತಿಯಾದ ನೀರು, ಎರಡು ತಿಂಗಳು ಸಾಲದ ನೀರು, ಈ ಎರಡನ್ನೂ ತಾಳುವ ಮನೆಯನ್ನೇ ಹುಡುಕಬೇಕು.

ಜುಲೈಯಲ್ಲಿ ಹೋದಾಗ ಮಳೆ ನಿಲ್ಲಲಿ ಎಂದು ಕಾಯಬೇಡಿ, ಮಳೆ ಬೀಳುತ್ತಿರುವಾಗಲೇ ಹೋಗಿ. ಮೊದಲು ರಸ್ತೆ ನೋಡಿ. ಮಂಗಳೂರಿನ ಕೊಟ್ಟಾರ ಚೌಕಿ, ಪಾಂಡೇಶ್ವರ, ಜೆಪ್ಪಿನಮೊಗರು, ಉಡುಪಿಯ ಕಲ್ಸಂಕ, ಬನ್ನಂಜೆ ತಗ್ಗಿನ ಜಾಗಗಳು. ಜೋರು ಮಳೆಗೆ ನೀರು ನಿಲ್ಲುತ್ತದೆ. ಫ್ಲ್ಯಾಟ್ ಐದನೇ ಮಹಡಿಯಲ್ಲಿದ್ದರೂ ಕಾರು, ಲಿಫ್ಟಿನ ಗುಂಡಿ, ನೀರಿನ ಸಂಪು, ಮೀಟರ್ ಬೋರ್ಡು ಎಲ್ಲ ಕೆಳಗೇ ಇರುತ್ತವೆ. ನೆಲಮಾಳಿಗೆಯ ಗೋಡೆಯಲ್ಲಿ ಕೆಸರಿನ ಅಡ್ಡಗೆರೆ ಇದ್ದರೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ಆ ಗೆರೆಯೇ ಹೇಳುತ್ತದೆ.

ಆಮೇಲೆ ಮನೆಯ ಒಳಗೆ. ಮುಂಗಾರಿನ ಗಾಳಿ ಬೀಸುವುದು ನೈರುತ್ಯದಿಂದ, ಆದ್ದರಿಂದ ಪಶ್ಚಿಮದ ಮತ್ತು ದಕ್ಷಿಣದ ಗೋಡೆಗಳೇ ಹೆಚ್ಚು ಪೆಟ್ಟು ತಿನ್ನುತ್ತವೆ. ಆ ಗೋಡೆಗೆ ತಾಗಿದ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ಹಿಂಬದಿಯ ಹಲಗೆಗೆ ಕೈಯಿಟ್ಟು ನೋಡಿ. ಬೂಸ್ಟು ಹಿಡಿದಿದ್ದರೆ ಅಲ್ಲೇ ಸಿಗುತ್ತದೆ. ಕಿಟಕಿಯ ಕೆಳಮೂಲೆಗಳಲ್ಲಿ ಬಣ್ಣ ಉಬ್ಬಿದೆಯೇ? ಕಿಟಕಿಯ ಕಟ್ಟೆ ಹೊರಗಡೆಗೆ ಇಳಿಜಾರಾಗಿದೆಯೇ? ಮೇಲೆ ಎರಡಡಿಯಾದರೂ ಸಜ್ಜಾ ಇದೆಯೇ? ನಮ್ಮ ಕಡೆಯ ಮನೆಗಳಿಗೆ ಸಜ್ಜಾ ಬೇಕಾಗುವುದು ಬಿಸಿಲಿಗೆ. ಅಲ್ಲಿ ಅದಿಲ್ಲದಿದ್ದರೆ ಅಡ್ಡಮಳೆ ನೇರ ಒಳಗೆ. ಉಳಿದ ಗೋಡೆಗಳೆಲ್ಲ ಹಳೆಯದಾಗಿದ್ದು ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಿಯೇಬಿಡಿ. ಕೊನೆಯ ಮಹಡಿಯಾದರೆ ತಾರಸಿಯ ಮೇಲೆ ಶೀಟಿನ ಮಾಡು ಇರಲೇಬೇಕು. ಬರೀ ವಾಟರ್‌ಪ್ರೂಫಿಂಗ್ ನಂಬಿದ ತಾರಸಿ ಕೆಲವೇ ಮಳೆಗಾಲಗಳಲ್ಲಿ ಸೋರಲು ಶುರುಮಾಡುತ್ತದೆ.

ಹೊಸ ಕಟ್ಟಡಗಳು ಹೆಚ್ಚಾಗಿ ಗುಡ್ಡ ಕಡಿದು ಮಾಡಿದ ಜಾಗದಲ್ಲಿವೆ, ಹಿಂದೆ ಎತ್ತರದ ತಡೆಗೋಡೆ ಇರುತ್ತದೆ. ಆ ಗೋಡೆಯಲ್ಲಿ ಸಾಲಾಗಿ ಬಿಟ್ಟ ತೂತುಗಳಿಂದ ಮಳೆ ಹೊತ್ತಿನಲ್ಲಿ ನೀರು ಹರಿದು ಬರುತ್ತಿರಬೇಕು. ತೂತುಗಳು ಒಣಗಿದ್ದು ಗೋಡೆ ನಡುವೆ ಉಬ್ಬಿದ್ದರೆ ನೀರು ಹಿಂದಿನ ಮಣ್ಣಿನಲ್ಲಿ ಕಟ್ಟಿಕೊಂಡಿದೆ ಎಂದರ್ಥ. ಅಂಥ ಮನೆ ಎಷ್ಟೇ ಅಗ್ಗವಾದರೂ ಬೇಡ.

ಮೇ ತಿಂಗಳ ಭೇಟಿಯಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಗಿಂತ ಮೊದಲು ಕಾವಲುಗಾರನನ್ನು ಮಾತಾಡಿಸಿ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆಂದು ಅವನಿಗೆ ಗೊತ್ತಿರುತ್ತದೆ. ಸಂಘದ ಲೆಕ್ಕಪುಸ್ತಕದಲ್ಲಿ ಏಪ್ರಿಲ್–ಮೇ ತಿಂಗಳ ಟ್ಯಾಂಕರ್ ಖರ್ಚು ನೋಡಿ, ಅದನ್ನು ಮನೆಗಳ ಮೇಲೆ ಹೇಗೆ ಹಂಚುತ್ತಾರೆಂದೂ ಕೇಳಿ. ಬಾವಿ ಅಥವಾ ಬೋರ್‌ವೆಲ್ ಇದ್ದರೆ ನೀರಿನಲ್ಲಿ ಕರಗಿದ ಲವಣಾಂಶವನ್ನು ಟಿಡಿಎಸ್ ಮೀಟರಿನಲ್ಲಿ ಅಳೆಯಿರಿ. ಲೀಟರಿಗೆ 500 ಮಿಲಿಗ್ರಾಮ್‌ವರೆಗೆ ಕುಡಿಯಲು ಒಳ್ಳೆಯದು. ಸಮುದ್ರ ಅಥವಾ ನದಿಮುಖದ ಹತ್ತಿರ ಜನವರಿಯಲ್ಲಿ ಸಿಹಿಯಾಗಿದ್ದ ಬಾವಿ ಮೇ ಹೊತ್ತಿಗೆ ಉಪ್ಪಾಗುವುದುಂಟು.

ಇಬ್ಬರೇ ಇರುವ ಹಿರಿಯರಿಗೆ ನಮ್ಮ ಸಲಹೆ ಕದ್ರಿ, ಬಿಜೈ, ದೇರೆಬೈಲ್‌ನಂಥ ಎತ್ತರದ ಭಾಗಗಳು. ಸಮುದ್ರ ಕಾಣುವ ಮನೆಯ ಆಸೆ ಬಿಡಿ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಕಡಲ್ಕೊರೆತ ಮಳೆಗಾಲ ಬಂತೆಂದರೆ ತಪ್ಪದ ಕಾಟ. ಕಡಲು ನೋಡಲು ಸಂಜೆ ಬಸ್ಸಿನಲ್ಲಿ ಹೋಗಿ ಬರಬಹುದು.

ಕೊಳ್ಳುವ ಮೊದಲು ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಕರಾರು ಸಾಮಾನ್ಯವಾಗಿ 11 ತಿಂಗಳದು. ಜೂನ್ 1ಕ್ಕೆ ಶುರುಮಾಡಿದರೆ ಏಪ್ರಿಲ್ 30ಕ್ಕೆ ಮುಗಿಯುತ್ತದೆ, ನೀರಿನ ನಿಜಸ್ಥಿತಿ ತಿಳಿಯುವ ಮೇ ತಿಂಗಳೇ ಕೈತಪ್ಪುತ್ತದೆ. ಮೇ ಮೊದಲ ವಾರದಿಂದಲೇ ಕರಾರು ಮಾಡಿಸಿ.

ಉಡುಪಿ ಹತ್ತಿರ ಗೇಟೆಡ್ ಬಡಾವಣೆಯಲ್ಲಿ ನಿವೇಶನ ಕೊಳ್ಳಬೇಕೆಂದಿದ್ದೇವೆ. ಸೆಂಟ್ಸ್ ಲೆಕ್ಕವೂ ತಿಳಿಯದು, ಕಾಗದಪತ್ರವೂ ನಮ್ಮಲ್ಲಿಯ ಹಾಗಿಲ್ಲ. ಏನು ಪರಿಶೀಲಿಸಬೇಕು?
– ಓದುಗರು, ಬೀದರ್

ಲೆಕ್ಕ ಸುಲಭ. ಒಂದು ಗುಂಟೆ 1,089 ಚದರಡಿ, ಒಂದು ಸೆಂಟ್ 435.6 ಚದರಡಿ, ಅಂದರೆ ಗುಂಟೆಗೆ ಎರಡೂವರೆ ಸೆಂಟ್ಸ್. ನಮ್ಮ 30x40 ನಿವೇಶನ ಅಲ್ಲಿ ಸುಮಾರು ಎರಡೂ ಮುಕ್ಕಾಲು ಸೆಂಟ್ಸ್. ಬೆಲೆಯನ್ನು ಚದರಡಿಗೆ ಇಳಿಸಿಕೊಂಡೇ ಹೋಲಿಸಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ನಮ್ಮ ಜಿಲ್ಲೆಗಳಲ್ಲಿ ಕೇಳಿಬರದ ಎರಡು ವಿಷಯಗಳಲ್ಲಿ. ಒಂದು, ಕುಮ್ಕಿ. ವರ್ಗ ಜಮೀನಿಗೆ (ಅಂದರೆ ಖಾಸಗಿ ಪಟ್ಟಾ ಜಮೀನಿಗೆ) ತಾಗಿಕೊಂಡಿರುವ ಸರ್ಕಾರಿ ಜಾಗ ಇದು. ಸೊಪ್ಪು, ಕಟ್ಟಿಗೆ, ಮೇವು ತರಲು ಪಕ್ಕದ ಜಮೀನಿನವರಿಗೆ ಹಿಂದಿನಿಂದ ಬಂದ ಸವಲತ್ತು. ಸವಲತ್ತೇ ಹೊರತು ಒಡೆತನವಲ್ಲ. ‘ಕುಮ್ಕಿ ಸೇರಿ ಇಷ್ಟು ಸೆಂಟ್ಸ್’ ಎಂದು ಮಾರುವವರು ಹೇಳಿದರೆ ಕ್ರಯಪತ್ರದಲ್ಲಿ ಬರುವ ವರ್ಗ ಜಾಗ ಎಷ್ಟು, ಅಷ್ಟಕ್ಕೆ ಮಾತ್ರ ದುಡ್ಡು ಕೊಡಿ. ಕುಮ್ಕಿಯ ಮೇಲೆ ಕ್ಲಬ್ ಹೌಸ್, ಉದ್ಯಾನ, ರಸ್ತೆ ತೋರಿಸಿದ್ದರೆ ಆ ಬಡಾವಣೆಯ ನಕ್ಷೆಯೇ ದುರ್ಬಲ. ಎರಡನೆಯದು ಮೂಲಗೇಣಿ. ಹಳೆಯ ಜಾಗಗಳಲ್ಲಿ ಮಾರುವವರು ಜಾಗದ ಮೂಲ ಒಡೆಯರಾದ ಮೂಲಿದಾರರೋ, ತಲೆಮಾರುಗಳಿಂದ ಕಾಯಂ ಗೇಣಿ ಕೊಡುತ್ತಾ ಬಂದ ಮೂಲಗೇಣಿದಾರರೋ ನೋಡಬೇಕು. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆಯಿದೆ, ಆದರೂ ನೀವು ಕೊಳ್ಳುವ ಆ ತುಂಡಿಗೆ ಒಡೆತನ ಬಂದಿದೆಯೇ ಎಂಬುದಕ್ಕೆ ಕಾಗದ ಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಮೂಲಿ ಹಕ್ಕು’ ಎಂದಿದೆಯೇ ಓದಿ. ಈ ಎರಡಕ್ಕೂ ಅಲ್ಲಿಯ ವಕೀಲರೇ ಬೇಕು, ನಿಮ್ಮೂರಿನ ವಕೀಲರಿಗೆ ತೋರಿಸಿದರೆ ಸಾಲದು.

ಉಳಿದದ್ದು ಎಲ್ಲ ಕಡೆಯಂತೆ: ಭೂಪರಿವರ್ತನೆ ಆದೇಶ, ಪ್ರಾಧಿಕಾರದ ವಿನ್ಯಾಸ ಅನುಮೋದನೆ, ಹಿಂದಿನ 30 ವರ್ಷದ ಋಣಭಾರ ಪತ್ರ. ಪಂಚಾಯತಿ ವ್ಯಾಪ್ತಿಯಾದರೆ ಪಂಚಾಯತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಆ ಜಾಗ ಕ್ರಮಬದ್ಧವಲ್ಲ ಎಂದು ತಿಳಿಯಿರಿ, ಬ್ಯಾಂಕ್ ಸಾಲಕ್ಕೂ ತೊಡಕು.

ಸಿಆರ್‌ಝಡ್ ಮರೆಯಬಾರದು. ಸಮುದ್ರದ ಭರತದ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆಯ ಪ್ರಕಾರ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿರುವ ಹಳ್ಳಿ ಪ್ರದೇಶದಲ್ಲಿ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ. ಉಬ್ಬರದ ನೀರು ಬರುವ ಹೊಳೆಯ ದಡಕ್ಕೂ ಸಿಆರ್‌ಝಡ್ ಅನ್ವಯಿಸುತ್ತದೆ, ಅಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ‘ನಾವು ಸಮುದ್ರದಿಂದ ದೂರ’ ಎಂದು ಹೊಳೆ ಬದಿಯ ನಿವೇಶನ ಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಸರ್ವೆ ನಂಬರ್ ಹಿಡಿದುಕೊಂಡು ಉಡುಪಿಯಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ನಕ್ಷೆ ನೋಡಿ.

ಬಡಾವಣೆಗೆ ಒಳಚರಂಡಿ ಇಲ್ಲದಿದ್ದರೆ ಪಕ್ಕದ ನಿವೇಶನದವರ ಇಂಗುಗುಂಡಿ ನಿಮ್ಮ ಬಾವಿಗೆ 50–60 ಅಡಿಗಿಂತ ಹತ್ತಿರ ಬಾರದಂತೆ ನಕ್ಷೆಯಲ್ಲೇ ಜಾಗ ಗುರುತಿಸಿರಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ನೀರು ಬೇಗ ಹಾಯುತ್ತದೆ. ಮೂರು ಸೆಂಟ್ಸಿನ ನಿವೇಶನಗಳಲ್ಲಿ ಈ ಅಂತರ ಸಿಗುವುದೇ ಕಷ್ಟ, ಹಾಗಾಗಿ ಬಾವಿ ನೀರನ್ನೇ ನೆಚ್ಚಿದ ಚಿಕ್ಕ ನಿವೇಶನಗಳ ಬಡಾವಣೆ ಬೇಡವೆನ್ನುತ್ತೇವೆ.

ಸುರತ್ಕಲ್ ಬಳಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಬುಕ್ ಮಾಡುವವರಿದ್ದೇವೆ. ಸಮುದ್ರ ಒಂದು ಕಿ.ಮೀ. ಕೂಡ ಇಲ್ಲ. ಬಿಲ್ಡರ್‌ಗೆ ಏನು ಕೇಳಬೇಕು?
– ಎಂಜಿನಿಯರ್, ಶಹಾಪುರ

ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಮಾರಾಟ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಸ್ವಾಧೀನ ಕೊಟ್ಟ ಮೇಲೆ 5 ವರ್ಷದವರೆಗೆ ರಚನೆಯ ದೋಷವನ್ನು ಬಿಲ್ಡರೇ ಸರಿಪಡಿಸಬೇಕು. ಅಳತೆ ಕಾರ್ಪೆಟ್ ಏರಿಯಾದಲ್ಲೇ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ಲೆಕ್ಕದಲ್ಲೇ ಇರಲಿ.

ಆಮೇಲೆ ಉಪ್ಪಿನ ಮಾತು. ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಬಾಲ್ಕನಿಯ ತಳದಿಂದ ಚಕ್ಕೆ ಉದುರುವುದು ಇದರಿಂದಲೇ. ಕರಾವಳಿಯ ಗಾಳಿಗೆ ತೆರೆದುಕೊಂಡ ಕಟ್ಟಡಕ್ಕೆ ಐಎಸ್ 456 ಸಂಹಿತೆ ಹೇಳುವುದು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು (ಅಂಕಿ ಹೆಚ್ಚಿದಷ್ಟೂ ಗಟ್ಟಿ), ಕಬ್ಬಿಣದ ಮೇಲೆ 45 ಮಿ.ಮೀ. ಹೊದಿಕೆ. ಅಲೆಯ ತುಂತುರು ತಾಗುವಲ್ಲಿ ಎಂ35 ಮತ್ತು 50 ಮಿ.ಮೀ. ಒಳನಾಡಿನ ಮನೆಯ ರೂಢಿಯಂತೆ ಎಂ20, 20 ಮಿ.ಮೀ. ಹಾಕಿ ಮುಗಿಸಿದ್ದರೆ ಗಾರೆ ಎಷ್ಟು ನುಣುಪಾಗಿದ್ದರೂ ಪ್ರಯೋಜನವಿಲ್ಲ. ನೀವು ಎಂಜಿನಿಯರ್ ಆದ್ದರಿಂದ ರಚನಾ ನಕ್ಷೆಯನ್ನು ಕೇಳಿ ಪಡೆಯಿರಿ. ಸ್ಲ್ಯಾಬ್ ಹಾಕುವ ಮುನ್ನಾ ದಿನ ಹೋಗಿ, ಸರಳಿನ ಕೆಳಗಿಟ್ಟ ಕವರ್ ಬ್ಲಾಕಿನ ಎತ್ತರವನ್ನು ಟೇಪು ಹಿಡಿದು ಅಳೆಯಿರಿ. ಜಲ್ಲಿ ಚೂರು ಇಟ್ಟಿದ್ದರೆ ಬ್ಲಾಕ್ ಹಾಕಿಸಿ ಎಂದು ಹಟ ಹಿಡಿಯಿರಿ.

ಕಿಟಕಿಗೆ ಯುಪಿವಿಸಿ ಅಥವಾ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ. ಬಾಲ್ಕನಿ ಕಂಬಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್; 304 ಅಷ್ಟು ಹತ್ತಿರದಲ್ಲಿ ಕಂದು ಚುಕ್ಕೆ ಬಿಡುತ್ತದೆ. ಮುರಕಲ್ಲು ಪ್ರದೇಶದ ಬಾವಿ ನೀರು ಮೆದು, ಹೆಚ್ಚಾಗಿ ಆಮ್ಲೀಯ. ನಮ್ಮಲ್ಲಿ ಗಡುಸು ನೀರು ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ, ಅಲ್ಲಿ ನೀರು ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪನ್ನೇ ತಿಂದುಹಾಕುತ್ತದೆ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಇರಲಿ. ಜನರೇಟರ್ ಲಿಫ್ಟಿಗೆ ಮಾತ್ರವೋ ನೀರಿನ ಪಂಪಿಗೂ ಉಂಟೋ ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುತ್ತದೆ.

ಅವ್ವಗ ಹೃದಯದ ತೊಂದರಿ ಅದ, ದಮ್ಮೂ ಅದ. ಕಾರವಾರ ಶಾಂತ ಊರು, ಅಲ್ಲಿಗೆ ಕರ್ಕೊಂಡ್ ಹೋಗಬೇಕಂತೀವಿ. ಸರಿ ಹೋಗ್ತದೇನ್ರಿ?
– ಓದುಗರು, ಕಲಬುರಗಿ

ಬೇಡವೆನ್ನುವುದೇ ನಮ್ಮ ಅಭಿಪ್ರಾಯ. ಕಲಬುರಗಿಯಲ್ಲಿ ನಿಮಗೆ ಜಯದೇವ ಹೃದ್ರೋಗ ಸಂಸ್ಥೆ ಊರಲ್ಲೇ ಇದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದರೂ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬುದು ಆ ಜಿಲ್ಲೆಯವರ ಬಹುಕಾಲದ ಬೇಡಿಕೆ. ತುರ್ತಿಗೆ ಗೋವಾ, ಹುಬ್ಬಳ್ಳಿ ಅಥವಾ ಮಣಿಪಾಲಕ್ಕೆ ಓಡಬೇಕಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ದಕ್ಷಿಣಕ್ಕೆ ಹೋಗುವ ಹೆದ್ದಾರಿ 66 ಬಂದ್ ಆಗಿತ್ತು. ಹೋಗಲೇಬೇಕಾದರೆ ಮಣಿಪಾಲ, ಇಲ್ಲವೇ ಮಂಗಳೂರಿನ ಕಂಕನಾಡಿ, ದೇರಳಕಟ್ಟೆ. ಅಲ್ಲೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಹತ್ತಿರ.

ದಮ್ಮಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ತೇವದ ಗೋಡೆಯ ಬೂಸ್ಟು ಆಸ್ತಮಾ ಕೆರಳಿಸುತ್ತದೆ. ನಿಮ್ಮ ವೈದ್ಯರನ್ನು ಕೇಳಿಕೊಂಡು, ಜುಲೈಯಲ್ಲಿ ಎರಡು ಮೂರು ವಾರ ಅವರನ್ನು ಅಲ್ಲಿ ಇರಿಸಿ ನೋಡಿ. ನೆಲಮಹಡಿ ಬೇಡ, ಎದುರು ಬದುರು ಕಿಟಕಿಯಿರುವ, ಲಿಫ್ಟ್ ಸೌಲಭ್ಯದ ಎರಡನೇ ಅಥವಾ ಮೂರನೇ ಮಹಡಿ ಇರಲಿ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿ, ಮಂಗಳೂರಿಗೆ ಮಲೇರಿಯಾ ಹಳೆಯ ಕಾಟ. ಮಳೆ ನೀರು ನಿಂತಲ್ಲಿ ಬರಿಗಾಲಿನಲ್ಲಿ ಓಡಾಡಬಾರದು, ಇಲಿಜ್ವರ ಬರುತ್ತದೆ.

ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿದರೆ 371ಜೆ ಸೌಲಭ್ಯ ಹೋಗುತ್ತದೆಯೇ?
– ಓದುಗರು, ಸೇಡಂ

371ಜೆ ಎಂದರೆ ನಮ್ಮ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ. ಅದರ ಅರ್ಹತಾ ಪತ್ರಕ್ಕೆ ಮುಖ್ಯ ಆಧಾರ ಮಗುವಿನ ಅಥವಾ ತಂದೆ-ತಾಯಿಯ ಹುಟ್ಟು ಮತ್ತು 2013ರ ಜನವರಿ 1ಕ್ಕೆ ಹಿಂದಿನ ವಾಸ. ಮನೆ ಬದಲಿಸುವ ಮುನ್ನವೇ ನಿಮ್ಮಿಬ್ಬರದೂ ಮಕ್ಕಳದೂ ಸೇಡಂ ಉಪವಿಭಾಗದ ಸಹಾಯಕ ಆಯುಕ್ತರಿಂದ ಮಾಡಿಸಿಕೊಳ್ಳಿ. ಆಮೇಲೆ ಅಲ್ಲಿಂದ ದಾಖಲೆಗೆ ಅಲೆಯುವುದು ಕಷ್ಟ.

ಮನೆ ಸಾಮಾನಿನಲ್ಲಿ ಏನು ಒಯ್ಯಬೇಕು, ಏನು ಬಿಡಬೇಕು?
– ಗೃಹಿಣಿ, ಬಸವಕಲ್ಯಾಣ

ಕೂಲರ್ ಇಲ್ಲೇ ಮಾರಿಬಿಡಿ. ನೀರು ಆವಿಯಾದರೆ ಮಾತ್ರ ಕೂಲರ್ ತಂಪು ಕೊಡುತ್ತದೆ. ನಮ್ಮ ಒಣ ಬಿಸಿಲಿಗೆ ಅದು ಸರಿ, ಕರಾವಳಿಯ ತೇವದ ಗಾಳಿಯಲ್ಲಿ ಸೆಕೆಯನ್ನೇ ಹೆಚ್ಚಿಸುತ್ತದೆ. ಅಲ್ಲಿ ಫ್ಯಾನು, ಬೇಕಾದರೆ ಎಸಿ. ಪಾರ್ಟಿಕಲ್ ಬೋರ್ಡಿನ ಮಂಚ, ಕಪಾಟು ಒಂದು ಮಳೆಗಾಲಕ್ಕೆ ಉಬ್ಬಿ ಹೋಗುತ್ತವೆ. ಹೊಸದು ಮಾಡಿಸುವುದಾದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್. ಕಬ್ಬಿಣದ ಅಲ್ಮಾರಿ ಒಯ್ಯುವಿರಾದರೆ ಕಾಲಿನ ಕೆಳಗೆ ರಬ್ಬರ್ ಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ.

ತೊಗರಿಬೇಳೆ, ಜೋಳ ವರ್ಷಕ್ಕಾಗುವಷ್ಟು ಒಯ್ಯಬೇಡಿ. ಮೇ ತಿಂಗಳ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಸೆಪ್ಟೆಂಬರ್‌ವರೆಗೆ ಬೇಕಾದಷ್ಟನ್ನು ಮಾತ್ರ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ. ಜೋಳದ ಹಿಟ್ಟು ಒಂದು ವಾರಕ್ಕಾಗುವಷ್ಟೇ ಬೀಸಿಸಿ. ಇಲ್ಲಿ ತಿಂಗಳುಗಟ್ಟಲೆ ಇರುವ ಕಡಕ್ ರೊಟ್ಟಿ ಅಲ್ಲಿ ಬುಟ್ಟಿಯಲ್ಲಿಟ್ಟರೆ ಸಂಜೆಗೇ ಮೆತ್ತಗಾಗುತ್ತದೆ. ಹತ್ತು ಹತ್ತು ರೊಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಟೀಲ್ ಡಬ್ಬಿಯೊಳಗಿಡಿ, ಒಂದು ಚೀಲ ಮುಗಿದ ಮೇಲೆ ಇನ್ನೊಂದು ಬಿಚ್ಚಿ.